ಅತ್ತೆ ಮುರಿದ ಚೂರುಗಳು

ಸ್ಪಿರಿಟ್ ವಾಸನೆ ಬಂದರೆ ಈಗಲೂ ನನಗೆ ಸುರಪುರದಲ್ಲಿದ್ದ ಸೋದರತ್ತೆಯ ಕ್ಯಾಸೆಟ್ ಅಂಗಡಿ ನೆನಪಾಗುತ್ತದೆ.

ಒಂದು ಮಧ್ಯಾಹ್ನ ಅತ್ತೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಟೇಪ್ ರೆಕಾರ್ಡರಿನ ಹೆಡ್ ಒರೆಸಿ, ತಾನೇ ಕಕ್ಕೇರಾಕ್ಕೆ ಹೋಗಿ ಅಲ್ಲಿನ ಅಜ್ಜಿಯರಿಂದ ಹಾಡಿಸಿ ತುಂಬಿಸಿಕೊಂಡು ಬಂದಿದ್ದ ಬೀಸುಕಲ್ಲಿನ ಪದಗಳ ಕ್ಯಾಸೆಟ್ ಹಾಕಿದಳು. ಶಹಾಪುರದಲ್ಲಿ ಅವಳ ಎರಡನೇ ಅಂಗಡಿಗೆ ಮಳಿಗೆ ಬಾಡಿಗೆಗೆ ಕೊಡಲು ಬಂದಿದ್ದ ಸಾಹುಕಾರ ಕೇಳಿ ನಕ್ಕ.

"ಮುದುಕ್ಯಾರ ಪದ ಯಾರ್ ಒಯ್ತಾರಬೇ? ಅಳಿಸಿ ಸಿನಿಮಾ ಹಾಡ ತುಂಬು. ಇಲ್ಲಾಂದ್ರ ನನ್ನ ಮಳಿಗಿ ಸಿಗಂಗಿಲ್ಲ."

ಅತ್ತೆ ಕ್ಯಾಸೆಟ್ ಹೊರತೆಗೆದು, ಅದರ ಬೆನ್ನಿಗಿದ್ದ ಎರಡು ಪ್ಲಾಸ್ಟಿಕ್ ಚೂರುಗಳನ್ನು ಚಾಕುವಿನಿಂದ ಪಟ್ಟನೆ ಮುರಿದು ನನ್ನ ಅಂಗೈಗೆ ಹಾಕಿದಳು. ಅವು ಹೋದರೆ ಅದರ ಮೇಲೆ ಬೇರೆ ಹಾಡು ತುಂಬಲು ಬರುವುದಿಲ್ಲ.

"ಇನ್ನ ನನಗೂ ಅಳಿಸಾಕ ಬರಂಗಿಲ್ರಿ. ನಿಮ್ಮ ಮಳಿಗಿ ನೀವ ಇಟ್ಕೋರಿ."

ಮುಂದೆ ಶಹಾಪುರದಲ್ಲೂ ಯಾದಗಿರಿಯಲ್ಲೂ ಬೇರೆಯವರ ಮಳಿಗೆಗಳಲ್ಲಿ ಅವಳ ಅಂಗಡಿ ಬಾಗಿಲು ತೆರೆದ ದಿನ ಮೊದಲು ಹಾಡಿದ್ದು ಅದೇ ಕ್ಯಾಸೆಟ್.