ಮಾದರಿ ಉತ್ತರ

"ಮೇಡಂ, ಮೊದಲನೇ ಬಾಡಿಗೆ ಇವತ್ತೇ ಕೈಗೆ ಬರುತ್ತಲ್ವಾ? ಮತ್ತೆ ಅದರಲ್ಲೂ ಯಾಕೆ ಒಂದು ವರ್ಷದ ಬಡ್ಡಿ ಕಳೀತೀರಾ?"

ಎರಡನೇ ಬೆಂಚಿನ ಹುಡುಗಿ ಕೇಳಿದಾಗ ಹಣಕಾಸು ಉಪನ್ಯಾಸಕಿಯ ಮಾರ್ಕರ್ ಬೋರ್ಡಿನ ಮೇಲೇ ನಿಂತಿತು. ಮುಂದೆ ಬರುವ ಬಾಡಿಗೆಗಳಿಗೆ ಇವತ್ತಿನ ಬೆಲೆ ಎಷ್ಟು ಎನ್ನುವ ಲೆಕ್ಕ; ಆರು ವರ್ಷದಿಂದ ಇದೇ ಲೆಕ್ಕ, ಇದೇ ಮಾದರಿ ಉತ್ತರ. ನಿದ್ದೆಗಣ್ಣಲ್ಲೂ ಬಿಡಿಸುತ್ತೇನೆಂಬ ಜಂಬ ಬೇರೆ. ಈಗ ಪ್ರಶ್ನೆಯನ್ನು ಮತ್ತೆ ಓದಿದಳು. ಬಾಡಿಗೆ ಬರುವುದು 'ಪ್ರತಿ ವರ್ಷದ ಆರಂಭದಲ್ಲಿ' ಎಂದು ತಾನೇ ಬರೆದಿದ್ದಳು; ಉತ್ತರದಲ್ಲಿ ಮಾತ್ರ ವರ್ಷದ ಕೊನೆಗೆ ಬರುವಂತೆ ಲೆಕ್ಕ ಹಾಕಿದ್ದಳು. ಹುಡುಗಿ ಹೇಳಿದ್ದೇ ಸರಿ.

ಹೋದ ವರ್ಷ ಒಬ್ಬಳು ಉತ್ತರಪತ್ರಿಕೆಯ ಜೆರಾಕ್ಸ್ ಹಿಡಿದು, ಇದನ್ನೇ ಹೇಳಿಕೊಂಡು ಮೂರು ಸಲ ಸ್ಟಾಫ್ ರೂಮಿಗೆ ಬಂದಿದ್ದಳು. ಐದು ಅಂಕದ ಲೆಕ್ಕ. ಅವಳು ಫೇಲಾಗಿದ್ದು ನಾಲ್ಕೇ ಅಂಕದಲ್ಲಿ. "ಮಾದರಿ ಉತ್ತರದಲ್ಲಿ ಏನಿದೆಯೋ ಅದೇ ಸರಿ, ಹೋಗಮ್ಮಾ," ಎಂದು ಉಪನ್ಯಾಸಕಿ ಮುಖವನ್ನೂ ನೋಡದೆ ಕಳುಹಿಸಿದ್ದಳು. ಆಮೇಲೆ ಅವಳು ಕಾಲೇಜಿನ ಕಡೆ ತಲೆ ಹಾಕಲೇ ಇಲ್ಲ.

"ತಪ್ಪು ನನ್ನದೇ," ಎಂದು ಉಪನ್ಯಾಸಕಿ ಬೋರ್ಡ್ ಒರೆಸಿದಳು. "ಭೇಷ್. ನಿನಗೆ ಇದು ಹೇಗೆ ಹೊಳೀತು?"

ಹುಡುಗಿ ಕೂರಲಿಲ್ಲ. ಪುಸ್ತಕದ ನಡುವಿನಿಂದ, ಮಡಚಿ ಮಡಚಿ ಸವೆದ ಜೆರಾಕ್ಸ್ ಒಂದನ್ನು ತೆಗೆದು ತಂದು ಮೇಜಿನ ಮೇಲಿಟ್ಟಳು.

"ನನಗೆ ಹೊಳೆದಿದ್ದಲ್ಲ ಮೇಡಂ. ನಮ್ಮಕ್ಕ ಹೇಳಿಕೊಟ್ಟಿದ್ದು."