ಹಸಿರು ದಾರದ ನಾಲ್ಕು ಹೊಲಿಗೆ

ಪಟ್ಟಿಯ ಮಡಿಕೆಯನ್ನು ಒಮ್ಮೆ ಬಿಡಿಸಿ ನೋಡಿದ ಶಿವಲೀಲಾ ಅದನ್ನು ಗಡಿಬಿಡಿಯಲ್ಲಿ ಊಟದ ಡಬ್ಬಿಯ ಚೀಲದ ತಳಕ್ಕೆ ತುರುಕಿದಳು. ಬಾಗಿಲಲ್ಲಿ ಕಾವಲು ನಿಂತಿದ್ದ ಆಯಾ ಕೊಟ್ರಮ್ಮ ಆ ಗಡಿಬಿಡಿಯನ್ನು ಹೆದರಿಕೆ ಎಂದುಕೊಂಡಳು.

"ಲಗೂನ ನಡೀರಿ. ನಾ ಕೊಟ್ಟೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ."

ಎರಡು ಬೆರಳಗಲದ ಜೀನ್ಸ್ ಬಟ್ಟೆಯ ಪಟ್ಟಿ. ಅದರಿಂದ ಶಿವಲೀಲಾಳ ತಾಯಿ ಮಂಜಮ್ಮನ ಕೈಯನ್ನು ಮಂಚದ ಕಂಬಿಗೆ ಕಟ್ಟಿದ್ದರು. ಮಣಿಕಟ್ಟಿನ ಚರ್ಮ ಸುಲಿದು ಕೀವಾಗಿತ್ತು. ರಾಯದುರ್ಗದ 'ತಂಪುನೆರಳು' ಆರೈಕೆ ಮನೆಯಲ್ಲಿ ನೆರಳಿಗಂತೂ ಕೊರತೆಯಿರಲಿಲ್ಲ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಸೊಂಟ ಮುರಿದ ತಾಯಿಯನ್ನು ಮಡಕಶಿರದ ಕಡೆಯ ಹಳ್ಳಿಯಿಂದ ಕರೆತಂದಾಗ, ಶಿವಲೀಲಾಳ ಒಂದೇ ಕೋಣೆಯ ಮನೆಯಲ್ಲಿ ಮಂಚ ಹಾಕಬೇಕಾದ ಜಾಗದಲ್ಲಿ ಹೊಲಿಗೆ ಮಷಿನ್ ಇತ್ತು. ಮಷಿನ್ ತೆಗೆದರೆ ಒಲೆ ಹೊತ್ತುತ್ತಿರಲಿಲ್ಲ. ಹಾಗಾಗಿ ಅವ್ವ ಆರೈಕೆ ಮನೆ ಸೇರಿದಳು. ಭೇಟಿ ಭಾನುವಾರ ಮಾತ್ರ, ಹೊರಗಿನ ಜಗಲಿಯಲ್ಲಿ, ಹತ್ತು ನಿಮಿಷ. ಆ ದಿನ ಮುದುಕಿಗೆ ಉರಿ ಬೇಸಗೆಯಲ್ಲೂ ಉದ್ದ ತೋಳಿನ ಸ್ವೆಟರ್ ತೊಡಿಸಿರುತ್ತಿದ್ದರು. ಶಿವಲೀಲಾ ಹೇಳದೆ ಕೇಳದೆ ಬುಧವಾರ ಬಂದದ್ದರಿಂದ ಗುಟ್ಟು ಬಯಲಾಯಿತು.

ಅಂದೇ ತಾಯಿಯನ್ನು ಆಟೋದಲ್ಲಿ ಮನೆಗೆ ತಂದಳು. ಮಂಚ ಒಳಗೆ ಬಂತು, ಮಷಿನ್ ಜಗಲಿಗೆ ಹೋಯಿತು. ಅದರ ಮೇಲೆ ಹಳೇ ಸೀರೆ ಹೊದಿಸಿದವಳು ಮತ್ತೆ ತೆಗೆಯಲಿಲ್ಲ. ತಾಯಿಯ ಸೇವೆಗಾಗಿ ಕೆಲಸವನ್ನೇ ಬಿಟ್ಟಳೆಂದು ಓಣಿಯೆಲ್ಲ ಕೊಂಡಾಡಿತು. ಎದುರು ಮನೆಯ ಗುರುಶಾಂತಮ್ಮ ಮಾತ್ರ ಅದಕ್ಕೆ ದನಿಗೂಡಿಸಲಿಲ್ಲ. ಅವಳೂ ಶಿವಲೀಲಾಳಂತೆ ಮೇಸ್ತ್ರಿ ಬೊಮ್ಮಪ್ಪನ ಬಳಿ ಬಟ್ಟೆ ಪಡೆದು ಮನೆಯಲ್ಲೇ ಜೀನ್ಸ್ ಹೊಲಿಯುವವಳು. ಪಟ್ಟಿಯನ್ನು ನೋಡಿದಂದಿನಿಂದ ಅವಳು ಶಿವಲೀಲಾಳ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ.

"ಎಷ್ಟ್ ಎಳುದ್ರೂ ಒಂದ್ ನೂಲು ಬಿಚ್ಲಿಲ್ಲ ಕಣವ್ವ," ಎಂದಳು ಮಂಜಮ್ಮ. "ಯಾವ ಪುಣ್ಯಾತ್ಗಿತ್ತಿನೋ, ಬಲು ಗಟ್ಟಿಯಾಗ್ ಹೊಲ್ದವ್ಳೆ."

ಶಿವಲೀಲಾ ಗಾಯಕ್ಕೆ ಮುಲಾಮು ಹಚ್ಚುತ್ತಲೇ ಇದ್ದಳು. ಮುಖ ಎತ್ತಲಿಲ್ಲ.

ವಕೀಲ ಚಂದ್ರಮೋಹನ್ ಅನಂತಪುರದ ಗ್ರಾಹಕರ ಕೋರ್ಟಿನಲ್ಲಿ ದಾವೆ ಹೂಡಿದರು. ಆರೈಕೆ ಮನೆಯ ಮಾಲೀಕರ ಉತ್ತರ ಬೇಗನೆ ಬಂತು: ನಾವು ಯಾರನ್ನೂ ಕಟ್ಟುವುದಿಲ್ಲ, ಆ ಪಟ್ಟಿ ನಮ್ಮದಲ್ಲ, ಅದನ್ನು ದೂರುದಾರರೇ ತಮ್ಮ ಮನೆಯಲ್ಲಿ ಹೊಲಿದು ತಂದಿದ್ದಾರೆ.

"ಸುಳ್ಳಿಗೂ ಒಂದು ಮಿತಿ ಬ್ಯಾಡೇನಮ್ಮ," ಎಂದು ವಕೀಲರು ಕಾಗದವನ್ನು ಮೇಜಿನ ಮೇಲೆ ಎಸೆದರು. ಆಮೇಲೆ ಪಟ್ಟಿಯನ್ನು ತಿರುವಿ ನೋಡಿದರು. ಮಡಿಕೆಯೊಳಗೆ ಹಸಿರು ದಾರದ ನಾಲ್ಕು ಹೊಲಿಗೆಗಳಿದ್ದವು. "ಇದೇನಿದು?"

"ಗುರುತು ರಿ. ಮೇಸ್ತ್ರಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟಿರ್ತಾನ. ಪ್ಯಾಂಟು ಹರಿದು ವಾಪಸ್ ಬಂದ್ರ ಮಡಿಕಿ ಬಿಡಿಸಿ ನೋಡ್ತಾನ. ಯಾರ ತಪ್ಪಂತ ತಿಳೀತೈತಿ."

ವಕೀಲರು ನಕ್ಕುಬಿಟ್ಟರು. ಪ್ಯಾಂಟಿನ ಹೊಲಿಗೆಗೆ ಉತ್ತರ ಹೇಳುವವರಿದ್ದಾರೆ, ಮುದುಕಿಯ ಕೈಗೆ ಇಲ್ಲ. ನಂತರ ಅವರ ಕಣ್ಣು ಅರಳಿತು. "ಹಂಗಾದ್ರ ಹೊಲಿದಾಕಿ ಸಿಗ್ತಾಳ. ಆಕಿ ಬಂದು, ಆ ಮನಿಗೇ ಹೊಲಿದು ಕೊಟ್ಟೀನಿ ಅಂದ್ರ ಕೇಸು ನಮ್ದು. ಇಲ್ಲಂದ್ರ ಇಲ್ಲ."

ಶಿವಲೀಲಾ ಒಂದು ಚೀಟಿ ತೆಗೆದಿಟ್ಟಳು. ಅರವತ್ತು ಪಟ್ಟಿಯ ಆರ್ಡರು, ತೆಲುಗಿನಲ್ಲಿ, 'ತಂಪುನೆರಳು' ಮೊಹರಿನ ಸಮೇತ. "ಹೊಲಿದಾಕಿ ಹತ್ರ ಇತ್ರಿ. ಆಕಿಗೆ ತೆಲುಗು ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ತೊಟ್ಟಿಲಿಗೆ ಬೇಕಂತ ಬೊಮ್ಮಪ್ಪ ಹೇಳಿದ್ದ."

"ಚೀಟಿ ಒಂದೇ ಸಾಲದು. ಆಕಿ ಬರ್ತಾಳೇನು?"

"ಬರ್ತಾಳ್ರಿ. ಹೆಸರು ಈಗ ಬ್ಯಾಡ. ಮಾಲೀಕರಿಗೆ ಗೊತ್ತಾದ್ರ ಸುಮ್ನಿರಂಗಿಲ್ಲ."

"ಇಂಥದ್ದು ಹೊಲಿಯಾಕ ಆಕಿಗೆ ಕೈ ಹೆಂಗ ಬಂತೋ."

"ನಾನೂ ದಿನಾ ಅದನ್ನ ಕೇಳ್ತೀನ್ರಿ," ಎಂದಳು ಶಿವಲೀಲಾ.

ವಿಚಾರಣೆಯ ದಿನ ಅವಳ ಜೊತೆ ಬಸ್ಸಿನಲ್ಲಿ ಗುರುಶಾಂತಮ್ಮನೂ ಬಂದಳು. ಕೋರ್ಟಿನಲ್ಲಿ ಮಾಲೀಕರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಗೆದ್ದೇ ಗೆಲ್ಲುವೆನೆಂಬ ಮುಖ. ಅದನ್ನು ನೋಡಿ ಶಿವಲೀಲಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಪಟ್ಟಿ ಹೊಲಿದವರು ಇಲ್ಲೇ ಇದ್ದಾರೆ," ಎಂದು ವಕೀಲರು ದೊಡ್ಡ ದನಿಯಲ್ಲಿ ಹೇಳಿ, ಶಿವಲೀಲಾಳ ಜೊತೆ ಬಂದಿದ್ದ ಗುರುಶಾಂತಮ್ಮನತ್ತ ಕೈ ತೋರಿದರು. ಗುರುಶಾಂತಮ್ಮ ಕೂತಲ್ಲೇ ತಲೆ ತಗ್ಗಿಸಿದಳು. ಅವಳ ದಾರ ಕೆಂಪು.

ಶಿವಲೀಲಾ ಎದ್ದು ಮುಂದೆ ಹೋದಳು. ಚೀಲದಿಂದ ಅರ್ಧ ಖಾಲಿಯಾದ ಹಸಿರು ದಾರದ ರೀಲು ತೆಗೆದು ಪಟ್ಟಿಯ ಪಕ್ಕದಲ್ಲಿಟ್ಟಳು.

"ಮಾಲೀಕರು ಬರೆದಿದ್ದು ಖರೇ ಐತ್ರಿ," ಎಂದಳು. "ಅದು ನಮ್ಮ ಮನ್ಯಾಗ ಹೊಲಿದಿದ್ದು. ಅವರ ಆರ್ಡರಿನ ಅರವತ್ತೂ ನಾನೇ ಹೊಲಿದೀನ್ರಿ."