ಶನಿವಾರದ ವಿಮಾನ

ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತು. ಆಟಿಕೆ ಅಂಗಡಿಯವನು ಬಾಗಿಲನ್ನು ಅರ್ಧ ಎಳೆದುಕೊಂಡು ಒಳಗೆ ಒಬ್ಬನೇ ಕುಳಿತಿದ್ದ. ಮೇಜಿನ ಮೇಲೆ ಮಡಿಸಿದ ಒಂದು ಚೀಟಿ, ಅದರ ಮೇಲೆ ಬೀಗದ ಕೈ. ಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ವಿಮಾನ. ಆಗ ಬಾಗಿಲ ಕೆಳಗೆ ತಲೆ ತಗ್ಗಿಸಿ ಆ ತಾಯಿ ಒಳಗೆ ಬಂದಳು.

ಅವಳ ಒಬ್ಬನೇ ಮಗನಿಗೆ ಹಡಗಿನ ಕೆಲಸ ಕೊಡಿಸಿದವನು ಈ ಅಂಗಡಿಯವನೇ. ಹಡಗು ಮುಳುಗಿ ಒಂಬತ್ತು ದಿನವಾಗಿತ್ತು. ಸಿಗದವರ ಪಟ್ಟಿಯಲ್ಲಿ ಮಗನ ಹೆಸರಿತ್ತು.

"ಅವನು ತಂದುಕೊಟ್ಟಿದ್ದ ವಿಮಾನ ಒಂದಾದ್ರೂ ಉಳಿದಿದ್ಯಾ ಅಣ್ಣಾ?"

ಉಳಿದಿರಲಿಲ್ಲ. ಮಗ ಅಂಗಡಿಯಿಂದ ಬಿಡಿಭಾಗಗಳ ಪೆಟ್ಟಿಗೆ ಒಯ್ದು, ವಿಮಾನವಾಗಿಸಿ ಗಾಜಿನ ಕಪಾಟಿಗೆ ತಂದುಕೊಡುತ್ತಿದ್ದ. ತಗಡಿಗೆ ತಗಡು ಕೂಡಿದಂತೆ ಕಾಣಲೆಂದು ರೆಕ್ಕೆಯ ಮೇಲೆ ಕೂದಲೆಳೆಯಂಥ ತೋಡುಗಳಿರುತ್ತವೆ. ಆ ತೋಡಿನಲ್ಲಿ ಸಣ್ಣ ಮೊನೆಯ ಬೂದು ಮಾರ್ಕರ್ ಎಳೆದು, ಆಚೀಚೆ ಹರಡಿದ್ದನ್ನು ಒರೆಸಿ ತೆಗೆದರೆ ಪ್ಲಾಸ್ಟಿಕ್ಕಿಗೆ ಜೀವ ಬರುತ್ತದೆ. ಆ ಹುಡುಗ ತಂದ ವಿಮಾನಗಳ ಗೆರೆ ನೋಡಲೆಂದೇ ಜನ ನಿಲ್ಲುತ್ತಿದ್ದರು. ವಿಮಾನದ ಬಾಗಿಲಿನ ಸುತ್ತಲಿನ ತೋಡು ಮಾತ್ರ ಬಣ್ಣ ತುಂಬದೆ ಖಾಲಿ ಇರುತ್ತಿತ್ತು. "ಎಂಥಾ ಕೈಯಪ್ಪಾ ನಿಂದು!" ಎಂದರೆ, "ಮನೆ ಕೈ ಸಾರ್" ಎಂದು ನಗುತ್ತಿದ್ದ.

ಮೇಜಿನ ಮೇಲಿದ್ದ ವಿಮಾನ ಅಂಗಡಿಯವನದೇ. ನಿದ್ದೆ ಬಾರದೆ, ಆ ಹುಡುಗನ ನೆನಪಿಗೆಂದು, ಹಾಗೆಯೇ ಗೆರೆ ಎಳೆದು, ಬಾಗಿಲಿನ ಸುತ್ತ ಖಾಲಿ ಬಿಟ್ಟಿದ್ದ.

ತಾಯಿಯ ಮುಖ ನೋಡಲಾಗಲಿಲ್ಲ. ಬಾಯಿ ತಾನಾಗಿ ಆಡಿಬಿಟ್ಟಿತು.

"ಇದು ಮೊನ್ನೆ ಅಂಚೇಲಿ ಬಂತಮ್ಮಾ. ಅವನೇ ಕಳ್ಸಿದ್ದು. ಆ ಹಡಗು ಹತ್ತೇ ಇಲ್ವಂತೆ. ಎಲ್ಲೋ ದೂರದಲ್ಲಿದ್ದಾನಂತೆ."

ತಾಯಿ ವಿಮಾನವನ್ನು ಬೆಳಕಿಗೆ ಹಿಡಿದಳು. ರೆಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅವನ ಮುಖ ನೋಡಿದಳು. ಅರ್ಧ ಎಳೆದ ಬಾಗಿಲು ನೋಡಿದಳು. ಮೇಜು ನೋಡಿದಳು.

"ಹೌದಾ," ಎಂದು ಸ್ಟೂಲಿನ ಮೇಲೆ ಕುಸಿದು ಕೂತಳು. "ಮುಂದಿಂದು ಯಾವಾಗ ಬರತ್ತೆ?"

"ಶ... ಶನಿವಾರ."

"ಶನಿವಾರ ಬರ್ತೀನಿ. ನೀವು ಅಂಗಡಿ ತೆಗೆದಿರ್ಬೇಕು. ಮಾತು ಕೊಡಿ."

ಕೊಟ್ಟ. ಅವಳು ವಿಮಾನವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಅವನು ತಿರುಗಿ ನೋಡಿದರೆ ಬೀಗದ ಕೈ ಇತ್ತು, ಚೀಟಿ ಇರಲಿಲ್ಲ. ಫ್ಯಾನಿನ ಗಾಳಿಗೆ ಹಾರಿರಬೇಕು ಎಂದುಕೊಂಡ. ಕಪಾಟಿನ ಅಡಿಯಲ್ಲೆಲ್ಲ ತಡಕಿದ. ಸಿಗಲಿಲ್ಲ.

ಅಂದಿನಿಂದ ಅವನಿಗೆ ಒಂದೇ ಚಿಂತೆ. ಸುಳ್ಳು ಹೊರಬಿದ್ದರೆ ಈ ಹೆಂಗಸು ಉಳಿಯುವುದಿಲ್ಲ. ವಾರವಿಡೀ ಅಂಟಿಸಿದ, ಗೆರೆ ಎಳೆದ, ಒರೆಸಿದ. ಗೆರೆ ಎಲ್ಲೋ ದಪ್ಪ, ಎಲ್ಲೋ ಹರಿದುಹೋದದ್ದು. ಉಗುರಿನ ಸಂದಿಯ ಬೂದು ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅವಳು ಬಂದಾಗ ಕೈಯನ್ನು ಮೇಜಿನ ಕೆಳಗಿಡುತ್ತಿದ್ದ.

ಅವಳು ಒಂದು ಶನಿವಾರವೂ ತಪ್ಪಿಸಲಿಲ್ಲ. ಪ್ರತಿ ಸಲ ಒಂದು ಡಬ್ಬಿ ತರುತ್ತಿದ್ದಳು.

"ಅವನಿಗೆ ಅಂತ ಮಾಡ್ದೆ. ಅಂಚೇಲಿ ಹಾಕಿದ್ರೆ ಹಳಸತ್ತೆ. ನೀವೇ ತಿನ್ನಿ. ಹಾಂ, ನನ್ನೆದುರಿಗೇ."

ಒಂದು ಶುಕ್ರವಾರ ಸಂಜೆ ಗೆರೆ ಕೆಟ್ಟಿತು. ಅಳಿಸಲು ಹೋಗಿ ಬಣ್ಣ ಕರಗಿಸುವ ಥಿನ್ನರ್ ಸುರಿದುಬಿಟ್ಟ. ಬಣ್ಣ ಬಳಿಯದ ಪ್ಲಾಸ್ಟಿಕ್ಕು ಅದನ್ನು ಕುಡಿದು ಪಟ್ಟೆಂದು ಸೀಳಿತು. ರೆಕ್ಕೆ ಬುಡದಲ್ಲೇ ಮುರಿಯಿತು. ಬೇರೆ ಪೆಟ್ಟಿಗೆ ಇರಲಿಲ್ಲ. ತಲೆಯ ಮೇಲೆ ಕೈಹೊತ್ತು ಕುಳಿತ. ಮರುದಿನ ಮುರಿದದ್ದನ್ನೇ ಅವಳ ಮುಂದಿಟ್ಟ. ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

ತಾಯಿ ಮೂಸಿ ನೋಡಿದಳು.

"ಥಿನ್ನರ್ ಜಾಸ್ತಿ ಆಗಿದೆ. ಹತ್ತಿಕಡ್ಡಿ ಒದ್ದೆ ಇರ್ಬೇಕು, ತೊಟ್ಟಿಕ್ಬಾರ್ದು. ಗೆರೆ ಉದ್ದಕ್ಕೆ ಒರೆಸಿದ್ರೆ ತೋಡಿನ ಬಣ್ಣಾನೂ ಎದ್ದು ಬರತ್ತೆ, ಅಡ್ಡಕ್ಕೆ ಒರೆಸ್ಬೇಕು. ಅವನಿಗೆ ಬರೀರಿ ಅಣ್ಣಾ."

"ಬರೀತೀನಮ್ಮಾ."

"ರೆಕ್ಕೆ ಮುರೀತು ಅಂತ ಕೈಬಿಡಬಾರ್ದು. ಅದನ್ನೂ ಬರೀರಿ."

ಮಗನ ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತಿರಬೇಕು ಎಂದುಕೊಂಡ ಅಂಗಡಿಯವನು. ಅವಳು ಹೇಳಿದಂತೆ ಒರೆಸಿದ. ಗೆರೆ ನಿಂತಿತು. ಮುಂದಿನ ಶನಿವಾರ ಅವಳು, "ಈಗ ಕೈ ಕುದುರ್ತು ನೋಡಿ ಅವನಿಗೆ," ಎಂದು ಮೊದಲ ಸಲ ನಕ್ಕಳು. ಆ ನಗುವಿಗಾಗಿ ಅವನು ಇನ್ನೊಂದು ವಾರ ಕೆಲಸ ಮಾಡಿದ. ಆಮೇಲೆ ಮತ್ತೊಂದು ವಾರ. ಹೀಗೆ ವರ್ಷ ಉರುಳಿತು. ಅವಳು ಸೊರಗುತ್ತ ಬಂದಳು. ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದಳು. ಆದರೂ ಬಂದಳು. ಸತ್ಯ ತಿಳಿಯದೆ ಸಾಯಲಿ ದೇವರೇ ಎಂದು ಅವನು ಒಳಗೊಳಗೇ ಬೇಡಿದ.

ಮತ್ತೊಂದು ಶನಿವಾರ. ಅವನು ಹೊಸ ವಿಮಾನವಿಟ್ಟು ಕಾಯುತ್ತಿದ್ದ. ಮೂರು ಗಂಟೆಗೆ ಬಂದವಳು ಬೇರೆ ಹೆಂಗಸು. ಅದೇ ಮೂಗು. ಕೈಯಲ್ಲಿ ಅದೇ ಡಬ್ಬಿ, ಜೊತೆಗೊಂದು ರಟ್ಟಿನ ಪೆಟ್ಟಿಗೆ.

"ನಾನು ಅವಳ ತಂಗಿ. ಅಕ್ಕ ಬುಧವಾರ ಹೋದ್ಲು ಅಣ್ಣಾ. ಶನಿವಾರ ಮಾತ್ರ ತಪ್ಪಿಸ್ಬೇಡ ಕಣೇ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು. ಮೊದ್ಲು ಊಟ ಮಾಡಿ."

ಅವನು ಡಬ್ಬಿ ಮುಟ್ಟಲಿಲ್ಲ. "ಕೊನೇವರೆಗೂ... ಮಗ ಇದ್ದಾನೆ ಅಂತಾನೇ ನಂಬಿದ್ರಾ?"

ತಂಗಿ ಅವನನ್ನು ವಿಚಿತ್ರವಾಗಿ ನೋಡಿದಳು. ಪೆಟ್ಟಿಗೆಯಿಂದ ಮೊನೆ ಸವೆದ ಹಳೆಯ ಬೂದು ಮಾರ್ಕರ್ ತೆಗೆದು ಮೇಜಿನ ಮೇಲಿಟ್ಟಳು.

"ಆ ಹುಡುಗ ಅಂಟಿಸ್ತಿದ್ದ ಅಷ್ಟೇ. ಗೆರೆ ಎಲ್ಲಾ ಅಕ್ಕಂದೇ, ಶುರುವಿಂದ."

ಪೆಟ್ಟಿಗೆಯಲ್ಲಿ, ಮಾರ್ಕರ್ ಇದ್ದ ಜಾಗದ ಅಡಿಯಲ್ಲಿ, ಮಡಿಸಿದ ಚೀಟಿಯಿತ್ತು. ಬಿಡಿಸಿದ. 'ನನ್ನ ಸಾವಿಗೆ ಯಾರೂ ಕಾರಣರಲ್ಲ' — ಅವನದೇ ಅಕ್ಷರ. ಅದರ ಕೆಳಗೆ, ಕೂದಲೆಳೆಯಷ್ಟು ಸಣ್ಣಗೆ, ಅವನು ಬದುಕಿದ ಒಂದೊಂದು ಶನಿವಾರಕ್ಕೆ ಒಂದೊಂದು ಬೂದು ಗೆರೆ.